ಡೊಮೈನ್ ರಿನ್ಯೂವಲ್ ಬಿಲ್ ಬಂತೇ? ಹಣ ಕಟ್ಟುವ ಮುನ್ನ ಓದಿ: ಕರ್ನಾಟಕದ ಸಣ್ಣ ಉದ್ದಿಮೆಗಳಿಗೊಂದು ಬಹಿರಂಗ ಪತ್ರ

ಸಣ್ಣ ಉದ್ದಿಮೆಗಳನ್ನು ನಡೆಸುವವರಿಗೆ, ಅವರ ಲೆಕ್ಕಪತ್ರ ನೋಡುವವರಿಗೆ, ಅವರಿಗೆ ವೆಬ್‌ಸೈಟ್ ಮಾಡಿಕೊಟ್ಟವರಿಗೆ ನಮಸ್ಕಾರ.

ಪೀಣ್ಯದ ಮೆಷಿನ್ ಶಾಪಿಗೆ, ಚನ್ನಪಟ್ಟಣದ ಗೊಂಬೆ ಅಂಗಡಿಗೆ, ಕೊಡಗಿನ ಹೋಂಸ್ಟೇಗೆ, ದಾವಣಗೆರೆಯ ದಂತವೈದ್ಯರಿಗೆ ಇವತ್ತು ಸ್ವಂತ ಡೊಮೈನ್, ಅಂದರೆ ಅಂತರಜಾಲದಲ್ಲಿ ತಮ್ಮದೇ ವಿಳಾಸದ ಹೆಸರು, ಇದೆ. ಆ ಹೆಸರಿನ ಹಿಂದೆಯೇ ಒಂದು ಮೇಲ್ ಕೂಡ ಬರುತ್ತದೆ. "ನಿಮ್ಮ ಡೊಮೈನ್ ಅವಧಿ ಮುಗಿಯುತ್ತಿದೆ, ಇದು ಕೊನೆಯ ಸೂಚನೆ, 24 ಗಂಟೆಯೊಳಗೆ ಹಣ ಕಟ್ಟದಿದ್ದರೆ ವೆಬ್‌ಸೈಟ್ ಮತ್ತು ಇಮೇಲ್ ನಿಂತುಹೋಗುತ್ತವೆ." ಮೇಲೆ ನಿಮ್ಮ ಡೊಮೈನಿನ ಹೆಸರು ಸರಿಯಾಗಿಯೇ ಇರುತ್ತದೆ. ಎಷ್ಟೋ ಸಲ ಅವಧಿ ಮುಗಿಯುವ ದಿನಾಂಕವೂ ಸರಿಯಾಗಿರುತ್ತದೆ. ಬಿಲ್ ನಂಬರ್, ಕೋಷ್ಟಕ, ಮೊತ್ತ, ಕೆಳಗೊಂದು ದೊಡ್ಡ ಬಟನ್. ಮಾರ್ಚ್ ಅಂತ್ಯದ ಬಿಲ್ಲುಗಳ ರಾಶಿಯಲ್ಲಿ ಇದೂ ಒಂದು ಬಿಲ್ಲೆಂದು ಅಕೌಂಟೆಂಟ್ ಹಣ ಕಟ್ಟಿಬಿಡುತ್ತಾರೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ.

ಆದರೆ ತಪ್ಪನ್ನು ಅಕೌಂಟೆಂಟ್ ತಲೆಗೆ ಕಟ್ಟುವುದು ಸರಿಯಲ್ಲ. ಕರೆಂಟ್ ಬಿಲ್ ಬೆಸ್ಕಾಂನದೋ ಅಲ್ಲವೋ ಎಂದು ಅವರಿಗೆ ಗೊತ್ತು, ಏಕೆಂದರೆ ಕರೆಂಟ್ ಕೊಡುವವರು ಯಾರೆಂದು ಗೊತ್ತು. ಡೊಮೈನ್ ಕೊಟ್ಟವರು ಯಾರೆಂದು ಅವರಿಗೆ ಯಾರೂ ಹೇಳಿಲ್ಲ. ಅಷ್ಟೇಕೆ, ಮಾಲೀಕರಿಗೇ ಗೊತ್ತಿರುವುದಿಲ್ಲ. ಈ ವಂಚನೆ ನಿಂತಿರುವುದು ಆ ಒಂದು ಅಜ್ಞಾನದ ಮೇಲೆ. ಹಾಗಾಗಿ ಈ ಪತ್ರದ ಮೊದಲ ಪ್ರಶ್ನೆಯೂ ಅದೇ: ನಿಮ್ಮ ರಿಜಿಸ್ಟ್ರಾರ್ ಯಾರು?

ರಿಜಿಸ್ಟ್ರಾರ್ ಎಂದರೆ ನಿಮ್ಮ ಹೆಸರನ್ನು ನೋಂದಾಯಿಸಿದ ಕಂಪನಿ. ಡಾಟ್ ಕಾಮ್‌ನಂಥ ಹೆಸರುಗಳಿಗೆ ಅದು ಜಗತ್ತಿನ ಡೊಮೈನ್ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ಮಾನ್ಯತೆ ಪಡೆದಿರಬೇಕು. ಡಾಟ್ ಇನ್ ಮತ್ತು ಕನ್ನಡದ ಡಾಟ್ ಭಾರತ ಹೆಸರುಗಳಿಗೆ, ಭಾರತದಲ್ಲಿ ಅವುಗಳ ಹೊಣೆ ಹೊತ್ತ ನಿಕ್ಸಿ ಸಂಸ್ಥೆಯ ಮಾನ್ಯತೆ ಬೇಕು. ನೀವು ಹಣ ಕಟ್ಟಬೇಕಾದದ್ದು ಆ ಒಂದು ಕಂಪನಿಗೆ, ಅಥವಾ ಅದರ ಪರವಾಗಿ ನಿಮಗೆ ಡೊಮೈನ್ ಮಾರಿದ ರೀಸೆಲ್ಲರ್‌ಗೆ ಮಾತ್ರ. ಬೇರೆ ಯಾರಿಗೂ ನಿಮ್ಮ ಡೊಮೈನನ್ನು ರಿನ್ಯೂ ಮಾಡುವ ಶಕ್ತಿಯೇ ಇಲ್ಲ. ಐಕ್ಯಾನ್ ಕೂಡ ಡೊಮೈನ್ ಇಟ್ಟುಕೊಂಡವರಿಂದ ನೇರವಾಗಿ ನವೀಕರಣದ ಹಣ ಕೇಳುವುದಿಲ್ಲ. ಅದರ ಲೋಗೋ ಹಾಕಿಕೊಂಡು ಹಣ ಕೇಳುವ ಮೇಲ್ ಅಲ್ಲಿಗೇ ಮುಗಿಯಿತು, ಮುಂದೆ ಓದಬೇಕಿಲ್ಲ.

ಗೊತ್ತಿಲ್ಲದಿದ್ದರೆ ಕಂಡುಹಿಡಿಯಲು ಎರಡು ನಿಮಿಷ ಸಾಕು. ಬ್ರೌಸರ್‌ನಲ್ಲಿ ಲುಕಪ್ ಡಾಟ್ ಐಕ್ಯಾನ್ ಡಾಟ್ ಆರ್ಗ್ (lookup.icann.org) ಎಂದು ನೀವೇ ಟೈಪ್ ಮಾಡಿ, ನಿಮ್ಮ ಡೊಮೈನ್ ಹಾಕಿ. ಡಾಟ್ ಇನ್ ಆದರೆ ರಿಜಿಸ್ಟ್ರಿ ಡಾಟ್ ಇನ್ (registry.in) ತಾಣದಲ್ಲಿ ಹುಡುಕಿ. ಬರುವ ಪುಟದಲ್ಲಿ ರಿಜಿಸ್ಟ್ರಾರ್ ಹೆಸರು, ಅವಧಿ ಮುಗಿಯುವ ದಿನಾಂಕ, ನಿಮ್ಮ ವೆಬ್‌ಸೈಟ್ ಮತ್ತು ಮೇಲ್ ಎಲ್ಲಿವೆ ಎಂದು ತೋರಿಸುವ ನೇಮ್ ಸರ್ವರ್‌ಗಳು, ಡೊಮೈನ್ ಸ್ಟೇಟಸ್ ಇರುತ್ತವೆ. ಮೇಲ್ ಕಳಿಸಿದವರ ಹೆಸರಿಗೂ ಅಲ್ಲಿರುವ ರಿಜಿಸ್ಟ್ರಾರ್ ಹೆಸರಿಗೂ ಸಂಬಂಧವಿಲ್ಲದಿದ್ದರೆ ಹಣ ಕಟ್ಟುವ ಕೈಯನ್ನು ಅಲ್ಲಿಗೇ ಹಿಡಿಯಿರಿ.

ಇಲ್ಲಿ ಎರಡು ತೊಡಕುಗಳಿವೆ, ಎರಡೂ ಜನರನ್ನು ದಾರಿ ತಪ್ಪಿಸುತ್ತವೆ. ಒಂದು, ನಿಮಗೆ ಡೊಮೈನ್ ಕೊಟ್ಟವರು ರೀಸೆಲ್ಲರ್ ಆಗಿದ್ದರೆ ಲುಕಪ್‌ನಲ್ಲಿ ನೀವು ಎಂದೂ ಕೇಳಿರದ ರಿಜಿಸ್ಟ್ರಾರ್ ಹೆಸರು ಕಾಣಬಹುದು. ಆಗ ನಿಜವಾದ ಸೂಚನೆ ಸುಳ್ಳಿನಂತೆ, ಸುಳ್ಳು ನಿಜದಂತೆ ಕಾಣುತ್ತದೆ. ಹಳೆಯ ಬಿಲ್ ತೆಗೆದು ಕಳೆದ ವರ್ಷ ಯಾರಿಗೆ, ಎಷ್ಟು ಕಟ್ಟಿದ್ದೀರಿ ಎಂದು ನೋಡಿ. ಎರಡನೆಯದು ದಿನಾಂಕದ ವಿಷಯ. ಡಾಟ್ ಕಾಮ್ ಅವಧಿ ಮುಗಿದ ದಿನವೇ ರಿಜಿಸ್ಟ್ರಿ (ಆ ಹೆಸರುಗಳ ಮೂಲ ದಾಖಲೆ ಇಟ್ಟುಕೊಂಡಿರುವ ಸಂಸ್ಥೆ) ಅದನ್ನು ತಾನಾಗಿ ಒಂದು ವರ್ಷ ಮುಂದೂಡಿಬಿಡುತ್ತದೆ. ರಿಜಿಸ್ಟ್ರಾರ್ ಆಮೇಲೆ 45 ದಿನದೊಳಗೆ ಅದನ್ನು ರದ್ದು ಮಾಡಬಹುದು. ಹಾಗಾಗಿ ನೀವು ಹಣ ಕಟ್ಟದಿದ್ದರೂ ಲುಕಪ್‌ನಲ್ಲಿ ಮುಂದಿನ ವರ್ಷದ ದಿನಾಂಕ ಕಾಣುವ ಸಂದರ್ಭವಿದೆ. ದಿನಾಂಕದ ಮಟ್ಟಿಗೆ ನಿಮ್ಮ ರಿಜಿಸ್ಟ್ರಾರ್ ಖಾತೆಯೊಳಗೆ ಕಾಣುವುದನ್ನೇ ನಂಬಿ.

ನಿಮ್ಮ ಡೊಮೈನಿನ ಅವಧಿ ಅವರಿಗೆ ಹೇಗೆ ಗೊತ್ತಾಯಿತು ಎಂದು ಕೇಳಬಹುದು. ಅದು ಗುಟ್ಟಲ್ಲ. ಡೊಮೈನ್ ಹೆಸರುಗಳ ಪಟ್ಟಿ, ಅವಧಿಯ ದಿನಾಂಕ, ನೇಮ್ ಸರ್ವರ್ ಎಲ್ಲವೂ ಸಾರ್ವಜನಿಕ ಮಾಹಿತಿ, ಊರಿನ ಪಹಣಿಯಂತೆ ಯಾರು ಬೇಕಾದರೂ ನೋಡಬಹುದು. ಮೊದಲು ಮಾಲೀಕರ ಇಮೇಲ್, ಫೋನ್ ಕೂಡ ಹಾಗೇ ಸಿಗುತ್ತಿದ್ದವು. ಯುರೋಪಿನ ಖಾಸಗಿತನದ ಕಾನೂನು 2018ರ ಮೇ 25ರಂದು ಜಾರಿಗೆ ಬಂದ ಮೇಲೆ ಡಾಟ್ ಕಾಮ್‌ನಂಥ ಹೆಸರುಗಳಲ್ಲಿ ಅವು ಬಹುಮಟ್ಟಿಗೆ ಮರೆಯಾದವು. ಆಮೇಲೆ ವಂಚಕರು ನಿಮ್ಮ ವೆಬ್‌ಸೈಟಿನ ಸಂಪರ್ಕ ಪುಟದಿಂದಲೇ ವಿಳಾಸ ಎತ್ತಿಕೊಳ್ಳುತ್ತಾರೆ, ಅಥವಾ ಇನ್ಫೋ, ಸೇಲ್ಸ್, ಅಕೌಂಟ್ಸ್ ಎಂಬ ಊಹೆಯ ವಿಳಾಸಗಳಿಗೆ ಕಳಿಸುತ್ತಾರೆ. ಇದರಿಂದ ನಮಗೊಂದು ಒಳ್ಳೆಯ ಸುಳಿವು ಸಿಗುತ್ತದೆ: ಮೇಲ್ ಯಾವ ವಿಳಾಸಕ್ಕೆ ಬಂದಿದೆ? ರಿಜಿಸ್ಟ್ರಾರ್ ಖಾತೆಯಲ್ಲಿ ನೀವು ಕೊಟ್ಟ ವಿಳಾಸಕ್ಕಲ್ಲದೆ ಸಂಪರ್ಕ ಪುಟದ ವಿಳಾಸಕ್ಕೆ ಬಂದಿದ್ದರೆ ಅದು ನಿಮ್ಮ ರಿಜಿಸ್ಟ್ರಾರ್ ಕಳಿಸಿದ್ದಲ್ಲ ಎಂದೇ ಹಿಡಿಯಿರಿ.

ಈ ಮೇಲ್‌ಗಳೆಲ್ಲ ಒಂದೇ ಜಾತಿಯವಲ್ಲ. ಅತಿ ಹಳೆಯದು ನವೀಕರಣದ ವೇಷದ ವರ್ಗಾವಣೆ. ಈ ಕೆಲಸದವರು ಇದನ್ನು ಡೊಮೈನ್ ಸ್ಲ್ಯಾಮಿಂಗ್ ಎನ್ನುತ್ತಾರೆ. ಇಮೇಲ್‌ಗಿಂತ ಮೊದಲು ಇದು ಅಂಚೆಯಲ್ಲಿ ಬರುತ್ತಿತ್ತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2003ರಲ್ಲಿ ಡೊಮೈನ್ ರಿಜಿಸ್ಟ್ರಿ ಆಫ್ ಅಮೆರಿಕ ಎಂಬ ಕಂಪನಿಯ ಮೇಲೆ ಹೂಡಿದ ಮೊಕದ್ದಮೆ ಇದೇ ವಿಷಯದ್ದು. ಅವಧಿ ಮುಗಿಯುವ ಸೂಚನೆಯಂತೆ ಕಾಣುವ ಪತ್ರ ಕಳಿಸಿ, ಹಣ ಕಟ್ಟಿದವರ ಡೊಮೈನನ್ನು ಬೇರೆ ರಿಜಿಸ್ಟ್ರಾರ್ ಕಡೆಗೆ ಸಾಗಿಸುವುದು ಅದರ ಪದ್ಧತಿಯಾಗಿತ್ತು. ಸರ್ಕಾರಿ ಕಚೇರಿಯ ಹೆಸರಿನಂತೆ ಕೇಳಿಸುವ ಆ ಹೆಸರನ್ನು ಗಮನಿಸಿ. ಇವತ್ತಿನ ಮೇಲ್‌ಗಳೂ ಇಂಥ ಹೆಸರುಗಳನ್ನೇ ಇಟ್ಟುಕೊಳ್ಳುತ್ತವೆ. ಪತ್ರದ ತುದಿಯಲ್ಲೆಲ್ಲೋ ಚಿಕ್ಕ ಅಕ್ಷರದಲ್ಲಿ "ಇದು ಬಿಲ್ ಅಲ್ಲ" ಎಂದಿರುತ್ತದೆ. ಕಾನೂನಿನಿಂದ ನುಣುಚಿಕೊಳ್ಳಲು ಇಟ್ಟ ಸಾಲು ಅದು. ಆದ್ದರಿಂದ ಇಂಥ ಮೇಲನ್ನು ಕೆಳಗಿನಿಂದ ಮೇಲಕ್ಕೆ ಓದುವುದು ಒಳ್ಳೆಯ ಅಭ್ಯಾಸ.

ವರ್ಗಾವಣೆಗೆ ಆಥ್ ಕೋಡ್ ಎಂಬ ಗುಪ್ತ ಸಂಕೇತ ಬೇಕು. ಇಪಿಪಿ ಕೋಡ್ ಎಂದೂ ಕರೆಯುತ್ತಾರೆ. ನಿಮ್ಮ ಈಗಿನ ರಿಜಿಸ್ಟ್ರಾರ್ ಖಾತೆಯಿಂದ ತೆಗೆದುಕೊಟ್ಟರೆ ಮಾತ್ರ ಅದು ಬೇರೆಯವರ ಕೈ ಸೇರುತ್ತದೆ. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ: ರಿನ್ಯೂ ಮಾಡಲು ಆಥ್ ಕೋಡ್ ಬೇಡವೇ ಬೇಡ. ರಿನ್ಯೂವಲ್ ಎಂದು ಹೇಳಿ ಕೋಡ್ ಕೇಳಿದರೆ, ಅಥವಾ ವರ್ಗಾವಣೆಯನ್ನು ತಡೆಯುವ ಡೊಮೈನ್ ಲಾಕ್ ತೆಗೆಯಿರಿ ಎಂದರೆ, ಕೇಳುತ್ತಿರುವುದು ಡೊಮೈನನ್ನೇ. ಇನ್ನೂ ಒಂದು ನಿಯಮ ಬಹಳ ಜನರಿಗೆ ಗೊತ್ತಿಲ್ಲ. ಡಾಟ್ ಕಾಮ್‌ನಂಥ ಹೆಸರುಗಳ ವರ್ಗಾವಣೆ ಶುರುವಾದರೆ ಈಗಿನ ರಿಜಿಸ್ಟ್ರಾರ್ ನಿಮಗೆ ಒಂದು ಖಾತರಿ ಮೇಲ್ ಕಳಿಸುತ್ತಾರೆ. ಅದಕ್ಕೆ ನೀವು 5 ದಿನದೊಳಗೆ ಬೇಡ ಎನ್ನದಿದ್ದರೆ ವರ್ಗಾವಣೆ ನಡೆದೇ ಹೋಗುತ್ತದೆ. ಇಲ್ಲಿ ಮೌನವನ್ನು ಒಪ್ಪಿಗೆಯೆಂದೇ ಲೆಕ್ಕ ಹಾಕುತ್ತಾರೆ.

ಎರಡನೆಯ ಜಾತಿ, ಇಲ್ಲದ ಸೇವೆಗೆ ಬಿಲ್. "ಸರ್ಚ್ ಎಂಜಿನ್ ನೋಂದಣಿ", "ಡೊಮೈನ್ ಎಸ್‌ಇಒ ಸೇವೆ" ಇತ್ಯಾದಿ ಹೆಸರುಗಳಿರುತ್ತವೆ. ಮೇಲಿನ ಸಾಲು ಡೊಮೈನ್ ಅವಧಿ ಮುಗಿಯುತ್ತಿದೆ ಎಂಬಂತೆ ಹೆದರಿಸುತ್ತದೆ, ಒಳಗೆ ನೋಡಿದರೆ ಡೊಮೈನಿಗೂ ಅದಕ್ಕೂ ಸಂಬಂಧವೇ ಇಲ್ಲ. ಗೂಗಲ್ ಹುಡುಕಾಟದಲ್ಲಿ ಸೇರಿಸಲು ಯಾರಿಗೂ ವಾರ್ಷಿಕ ಶುಲ್ಕ ಕಟ್ಟಬೇಕಿಲ್ಲ. ಗೂಗಲ್ ಅದನ್ನು ಉಚಿತವಾಗಿಯೇ ಮಾಡುತ್ತದೆ.

ಮೂರನೆಯದು ಹೊರದೇಶದ ರಿಜಿಸ್ಟ್ರಾರ್ ಎಂದು ಹೇಳಿಕೊಂಡು ಬರುತ್ತದೆ. ಯಾವುದೋ ಕಂಪನಿ ನಿಮ್ಮ ಬ್ರ್ಯಾಂಡ್ ಹೆಸರನ್ನು ಡಾಟ್ ಸಿಎನ್, ಡಾಟ್ ಏಷ್ಯಾದಲ್ಲಿ ನೋಂದಾಯಿಸಲು ಅರ್ಜಿ ಹಾಕಿದೆ, ನಿಮ್ಮ ಅನುಮತಿ ಇದೆಯೇ ಎಂದು ವಿನಯದಿಂದ ಕೇಳುತ್ತದೆ. ಉತ್ತರಿಸಿದರೆ ಆ ಹೆಸರುಗಳನ್ನೆಲ್ಲ ನೀವೇ ಕೊಂಡುಕೊಳ್ಳಿ ಎನ್ನುತ್ತದೆ. ಹೆಸರು ನೋಂದಾಯಿಸುವ ಮೊದಲು ಹೀಗೆ ಊರೂರು ಕೇಳಿಕೊಂಡು ಬರುವುದು ರಿಜಿಸ್ಟ್ರಾರ್‌ಗಳ ಕೆಲಸವಲ್ಲ. ಉತ್ತರಿಸಬೇಡಿ, ಅಷ್ಟೇ.

ನಾಲ್ಕನೆಯದೇ ನಿಜವಾಗಿ ಭಯಪಡಬೇಕಾದದ್ದು: ನಿಮ್ಮ ನಿಜವಾದ ರಿಜಿಸ್ಟ್ರಾರ್‌ನ ಲೋಗೋ, ಬಣ್ಣ, ಭಾಷೆ ಎಲ್ಲವನ್ನೂ ನಕಲು ಮಾಡಿ ಲಾಗಿನ್ ಪುಟಕ್ಕೆ ಕರೆದೊಯ್ಯುವ ಮೇಲ್. ಮೊದಲ ಮೂರರಲ್ಲಿ ಸಾಮಾನ್ಯವಾಗಿ ಹೋಗುವುದು ಕೆಲವು ಸಾವಿರ ರೂಪಾಯಿ. ಇಲ್ಲಿ ಪಾಸ್‌ವರ್ಡ್ ಹೋಗುತ್ತದೆ. ಪಾಸ್‌ವರ್ಡ್ ಸಿಕ್ಕವರು ನಿಮ್ಮ ಡೊಮೈನಿನ ಎಂಎಕ್ಸ್ ದಾಖಲೆಯನ್ನು, ಅಂದರೆ ಮೇಲ್ ಎಲ್ಲಿಗೆ ಹೋಗಬೇಕೆಂದು ಹೇಳುವ ಸಾಲನ್ನು, ಬದಲಿಸಿದರೆ ನಿಮಗೆ ಬರುವ ಮೇಲ್ ಅವರಿಗೆ ಬರುತ್ತದೆ. ಬೇರೆ ಸೇವೆಗಳ ಪಾಸ್‌ವರ್ಡ್ ಬದಲಿಸುವ ಕೊಂಡಿಗಳೂ ಅವರಿಗೇ. ನಿಮ್ಮ ಗ್ರಾಹಕರಿಗೆ ನಿಮ್ಮದೇ ವಿಳಾಸದಿಂದ "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ" ಎಂದು ಬರೆಯಬಹುದು. ಒಂದು ರಫ್ತು ಘಟಕದ ಒಂದೇ ಇನ್‌ವಾಯ್ಸ್ ಎಷ್ಟು ಲಕ್ಷದ್ದಿರುತ್ತದೆ ಎಂಬುದನ್ನು ನಾವು ಹೇಳಬೇಕಿಲ್ಲ.

ಇಂಥ ಮೇಲ್‌ನಲ್ಲಿ ಕಳಿಸಿದವರ ಹೆಸರನ್ನಲ್ಲ, ವಿಳಾಸವನ್ನು ನೋಡಿ. ಹೆಸರಿನ ಜಾಗದಲ್ಲಿ ಯಾರು ಏನು ಬೇಕಾದರೂ ಬರೆದುಕೊಳ್ಳಬಹುದು. ಮೊಬೈಲ್‌ನಲ್ಲಿ ಹೆಸರಷ್ಟೇ ಕಾಣುತ್ತದೆ, ಅದರ ಮೇಲೆ ಒತ್ತಿದರೆ ವಿಳಾಸ ಕಾಣುತ್ತದೆ. ಅಟ್ ಚಿಹ್ನೆಯ ನಂತರದ ಭಾಗವನ್ನು ಬಲದಿಂದ ಎಡಕ್ಕೆ ಓದಿ. ನಿಮ್ಮ ರಿಜಿಸ್ಟ್ರಾರ್ ಹೆಸರು, ಆಮೇಲೆ ಡಾಟ್, ಆಮೇಲೆ ಪೇ-ರಿನ್ಯೂ ಡಾಟ್ ಎಕ್ಸ್‌ವೈಜೆಡ್ ಎಂದಿದ್ದರೆ ಅದು ಪೇ-ರಿನ್ಯೂ ಎಂಬುವವರದು. ಎಡದಲ್ಲಿ ಬರೆದಿರುವುದು ಅಲಂಕಾರ. ಬಟನ್ನಿನ ಕೊಂಡಿಗೂ ಇದೇ ಲೆಕ್ಕ: ಮೌಸ್ ಅದರ ಮೇಲಿಟ್ಟರೆ, ಮೊಬೈಲ್‌ನಲ್ಲಿ ಒತ್ತಿಹಿಡಿದರೆ ವಿಳಾಸ ಕಾಣುತ್ತದೆ. ಸ್ವಲ್ಪ ತಿಳಿದವರು ಮೇಲ್ ಬಂದ ದಾರಿಯ ವಿವರವಿರುವ ಹೆಡರ್ ತೆಗೆದು ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರೂ ಪರೀಕ್ಷೆಗಳು ಪಾಸ್ ಆಗಿವೆ, ಹಾಗಾಗಿ ಮೇಲ್ ಅಸಲಿ ಎನ್ನುವುದುಂಟು. ಅದು ಸರಿಯಲ್ಲ. ಆ ಪರೀಕ್ಷೆಗಳು ಹೇಳುವುದು ಮೇಲ್ ಆ ಡೊಮೈನಿನಿಂದಲೇ ಬಂದಿದೆ ಎಂದಷ್ಟೇ. ವಂಚಕರು ಸ್ವಂತ ಡೊಮೈನ್ ಕೊಂಡು ಎಲ್ಲವನ್ನೂ ನೆಟ್ಟಗೆ ಹೊಂದಿಸಿಕೊಂಡಿದ್ದರೆ ಮೂರೂ ಪಾಸ್ ಆಗುತ್ತವೆ.

ಇವೆಲ್ಲ ತಲೆನೋವು ಎನಿಸಿದರೆ ಒಂದೇ ಕೆಲಸ ಮಾಡಿ. ಮೇಲ್‌ನಲ್ಲಿರುವ ಕೊಂಡಿಯನ್ನು ಎಂದೂ ಒತ್ತಬೇಡಿ. ಮೇಲ್ ನಿಜವಿರಲಿ ಸುಳ್ಳಿರಲಿ, ರಿಜಿಸ್ಟ್ರಾರ್ ತಾಣದ ವಿಳಾಸವನ್ನು ನೀವೇ ಟೈಪ್ ಮಾಡಿ ಒಳಗೆ ಹೋಗಿ, ಅಲ್ಲಿ ಬಾಕಿ ಇದ್ದರೆ ಅಲ್ಲೇ ಕಟ್ಟಿ.

ನಿಜವಾದ ಸೂಚನೆಗಳು ಯಾವುವು ಎಂಬುದನ್ನೂ ಹೇಳಬೇಕು. ಎಲ್ಲವನ್ನೂ ಕಸದ ಬುಟ್ಟಿಗೆ ಹಾಕಿ ಡೊಮೈನ್ ಕಳೆದುಕೊಂಡರೆ ಅದೂ ನಷ್ಟವೇ. ಮೈಕ್ರೋಸಾಫ್ಟ್‌ನಂಥ ಮೈಕ್ರೋಸಾಫ್ಟೇ 1999ರ ಡಿಸೆಂಬರ್‌ನಲ್ಲಿ ಪಾಸ್‌ಪೋರ್ಟ್ ಡಾಟ್ ಕಾಮ್ ನವೀಕರಿಸಲು ಮರೆತು, ಹಾಟ್‌ಮೇಲ್ ಬಳಕೆದಾರರು ಲಾಗಿನ್ ಆಗದೆ ಪರದಾಡಿದರು. ಹೊರಗಿನ ಒಬ್ಬ ಪ್ರೋಗ್ರಾಮರ್ ತನ್ನ ಕಾರ್ಡಿನಿಂದ ಅದರ ರಿಜಿಸ್ಟ್ರಾರ್‌ಗೇ 35 ಡಾಲರ್ ಕಟ್ಟಿ ಬಾಕಿ ತೀರಿಸಿದರು. ಐಕ್ಯಾನ್ ನಿಯಮದಂತೆ ಡಾಟ್ ಕಾಮ್‌ನಂಥ ಹೆಸರುಗಳಿಗೆ ಅವಧಿ ಮುಗಿಯುವ ಸುಮಾರು ಒಂದು ತಿಂಗಳು ಮೊದಲು ಒಮ್ಮೆ, ಸುಮಾರು ಒಂದು ವಾರ ಮೊದಲು ಒಮ್ಮೆ, ಮುಗಿದ 5 ದಿನದೊಳಗೆ ಮತ್ತೊಮ್ಮೆ ರಿಜಿಸ್ಟ್ರಾರ್ ನಿಮಗೆ ತಿಳಿಸಲೇಬೇಕು. ಸಂಪರ್ಕ ವಿವರ ಸರಿಯಿದೆಯೇ ನೋಡಿಕೊಳ್ಳಿ ಎಂದು ವರ್ಷಕ್ಕೊಮ್ಮೆ ಒಂದು ಮೇಲ್ ಬರುತ್ತದೆ, ಅದರಲ್ಲಿ ಹಣದ ಮಾತಿರುವುದಿಲ್ಲ. ಹೊಸದಾಗಿ ನೋಂದಾಯಿಸಿದಾಗ ಅಥವಾ ವಿವರ ಬದಲಿಸಿದಾಗ 15 ದಿನದೊಳಗೆ ಇಮೇಲ್ ಖಚಿತಪಡಿಸಿ ಎಂಬ ಮೇಲ್ ಕೂಡ ನಿಜದ್ದೇ ಇರಬಹುದು, ನೀವು ಆಗಷ್ಟೇ ಏನನ್ನಾದರೂ ಬದಲಿಸಿದ್ದರೆ.

ಇನ್ನು ಆ 24 ಗಂಟೆಯ ಬೆದರಿಕೆ. ಡಾಟ್ ಕಾಮ್ ಒಂದು ರಾತ್ರಿಯಲ್ಲಿ ಕೈತಪ್ಪುವುದಿಲ್ಲ. ಅವಧಿ ಮುಗಿದ ಮೇಲೆ ರಿಜಿಸ್ಟ್ರಾರ್ ಕೊಡುವ ಹೆಚ್ಚುವರಿ ದಿನಗಳು, ಅದೂ ಕಳೆದು ಡಿಲೀಟ್ ಆದರೆ ದುಬಾರಿ ಶುಲ್ಕ ಕಟ್ಟಿ ಬಿಡಿಸಿಕೊಳ್ಳಲು 30 ದಿನ, ಆಮೇಲೆ 5 ದಿನ, ಅಷ್ಟಾದ ಮೇಲೆ ಹೆಸರು ಎಲ್ಲರಿಗೂ ಮುಕ್ತ. ಆದರೆ ಹೆಚ್ಚುವರಿ ದಿನಗಳೆಷ್ಟು ಎಂಬುದು ರಿಜಿಸ್ಟ್ರಾರ್ ಕೈಯಲ್ಲಿದೆ, ಕೆಲವರು ಆ ಅವಧಿಯಲ್ಲೇ ಹೆಸರನ್ನು ಹರಾಜಿಗೂ ಇಡುತ್ತಾರೆ. ವೆಬ್‌ಸೈಟ್ ಮತ್ತು ಮೇಲ್ ಮಾತ್ರ ಅವಧಿ ಮುಗಿದ ಕೂಡಲೇ ನಿಲ್ಲಬಹುದು. ಡಾಟ್ ಇನ್‌ಗೆ ಐಕ್ಯಾನಿನ ಈ ನಿಯಮಗಳು ಅನ್ವಯಿಸುವುದಿಲ್ಲ. ಅದರ ದಿನಗಳ ಲೆಕ್ಕವನ್ನು ನಿಮ್ಮ ರಿಜಿಸ್ಟ್ರಾರ್ ಹತ್ತಿರ ಈಗಲೇ ಕೇಳಿ ಬರೆದಿಟ್ಟುಕೊಳ್ಳಿ.

ಬಿಲ್ಲನ್ನೇ ಪರೀಕ್ಷಿಸಲು ಅಕೌಂಟೆಂಟ್‌ಗಳಿಗೆ ಚೆನ್ನಾಗಿ ಗೊತ್ತಿರುವ ದಾರಿ ಇದೆ. ಭಾರತದ ರಿಜಿಸ್ಟ್ರಾರ್ ಆದರೆ ಶೇ 18 ಜಿಎಸ್‌ಟಿ ಮತ್ತು 15 ಅಕ್ಷರ-ಅಂಕೆಗಳ ಜಿಎಸ್‌ಟಿಐಎನ್ ಬಿಲ್ಲಿನಲ್ಲಿರಬೇಕು. ಅದನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ ಯಾರ ಹೆಸರು ಬರುತ್ತದೆ ನೋಡಿ. ವಿದೇಶಿ ರಿಜಿಸ್ಟ್ರಾರ್ ಬಿಲ್ಲಿನಲ್ಲಿ ಇದು ಇಲ್ಲದಿರಬಹುದು, ಆಗ ಲುಕಪ್ ಒಂದೇ ಸಾಕ್ಷಿ. ಮೊತ್ತವೂ ಮಾತಾಡುತ್ತದೆ: ಕಳೆದ ವರ್ಷ ಸಾವಿರದ ಆಸುಪಾಸು ಕಟ್ಟಿದ್ದ ಡಾಟ್ ಕಾಮ್‌ಗೆ ಈ ವರ್ಷ ನೂರಾರು ಡಾಲರ್ ಕೇಳಿದರೆ ಕಾರಣ ಕೇಳಲೇಬೇಕು. ಡಾಟ್ ಕಾಮ್ ನೋಂದಣಿ ಒಮ್ಮೆಗೆ 10 ವರ್ಷ ಮೀರುವಂತಿಲ್ಲ, ಹಾಗಾಗಿ "ಜೀವಮಾನದ ನವೀಕರಣ" ಎಂಬುದು ರಿಜಿಸ್ಟ್ರಿಯಲ್ಲಿ ಇಲ್ಲದ ವಸ್ತು.

ಮುಂಜಾಗ್ರತೆಗೆ ಅರ್ಧ ದಿನ ಸಾಕು. ರಿಜಿಸ್ಟ್ರಾರ್ ಖಾತೆಗೆಂದೇ ಒಂದು ಬೇರೆ ಇಮೇಲ್ ಇಟ್ಟುಕೊಳ್ಳಿ, ಅದನ್ನು ವೆಬ್‌ಸೈಟಿನಲ್ಲಿ ಎಲ್ಲೂ ಹಾಕಬೇಡಿ. ಆ ವಿಳಾಸ ನಿಮ್ಮದೇ ಡೊಮೈನಿನದಾಗಿರಬಾರದು. ಡೊಮೈನ್ ನಿಂತರೆ ಆ ಮೇಲೂ ನಿಲ್ಲುತ್ತದೆ. ಬೀಗದ ಕೈ ಒಳಗಿಟ್ಟು ಬಾಗಿಲು ಹಾಕಿಕೊಂಡ ಹಾಗೆ. ಎರಡು ಹಂತದ ಲಾಗಿನ್ ಹಾಕಿ. ಟ್ರಾನ್ಸ್‌ಫರ್ ಲಾಕ್ ಇದೆಯೇ ನೋಡಿ; ಲುಕಪ್‌ನ ಸ್ಟೇಟಸ್ ಸಾಲಿನಲ್ಲಿ "ಕ್ಲೈಂಟ್ ಟ್ರಾನ್ಸ್‌ಫರ್ ಪ್ರೊಹಿಬಿಟೆಡ್" ಎಂದಿದ್ದರೆ ಇದೆ. ಆಟೋ ರಿನ್ಯೂ ಹಾಕಿದರೂ ಅದಕ್ಕೆ ಜೋಡಿಸಿದ ಕಾರ್ಡಿನ ಅವಧಿ ನೋಡಿಕೊಳ್ಳಿ. ಮುಖ್ಯವಾದ ಹೆಸರನ್ನು ಮೂರು ನಾಲ್ಕು ವರ್ಷಕ್ಕೆ ಒಟ್ಟಿಗೆ ಕಟ್ಟಿಬಿಡುವುದು ಒಳ್ಳೆಯದು ಎಂದು ನಮ್ಮ ಅಭಿಪ್ರಾಯ. 2 ತಿಂಗಳಲ್ಲಿ ಮುಗಿಯುತ್ತದೆ ಎನ್ನುವ ಮೇಲ್ ಬಂದಾಗ ಯೋಚಿಸುವ ಪ್ರಮೇಯವೇ ಇರುವುದಿಲ್ಲ. ಕಂಪನಿ ಕಾರ್ಡಿನಲ್ಲಿ ಅಂತಾರಾಷ್ಟ್ರೀಯ ಬಳಕೆಯನ್ನು ಬೇಕಾದಾಗ ಮಾತ್ರ ತೆರೆಯಿರಿ, ಏಕೆಂದರೆ ಹೊರದೇಶದ ತಾಣಗಳು ಎಷ್ಟೋ ಸಲ ಒಟಿಪಿ ಕೇಳದೆಯೇ ಹಣ ಎಳೆಯುತ್ತವೆ. ಕೊನೆಗೆ ಒಂದು ಹಾಳೆ: ಡೊಮೈನ್ ಹೆಸರು, ರಿಜಿಸ್ಟ್ರಾರ್, ರೀಸೆಲ್ಲರ್ ಇದ್ದರೆ ಅವರ ಹೆಸರು, ಅವಧಿ, ಕಳೆದ ಸಲದ ಮೊತ್ತ. ಇದನ್ನು ಬಿಲ್ ಪಾಸ್ ಮಾಡುವವರ ಮೇಜಿನ ಎದುರು ಅಂಟಿಸಿ. ಪಾಸ್‌ವರ್ಡ್ ಮಾತ್ರ ಅದರಲ್ಲಿ ಬರೆಯಬೇಡಿ.

ಈಗಾಗಲೇ ಹಣ ಕಟ್ಟಿದ್ದರೆ ನಾಚಿಕೆಯಿಂದ ಮುಚ್ಚಿಡಬೇಡಿ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿ ಪ್ರಯೋಜನವಿಲ್ಲ ಎನ್ನುತ್ತಾರೆ, ಆದರೆ ಇಲ್ಲಿ ಮೊದಲ ಗಂಟೆಗಳಲ್ಲಿ ಬಾಗಿಲು ಹಾಕಿದರೆ ಪ್ರಯೋಜನವಿದೆ. 1930ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ನಿಮ್ಮ ಜಿಲ್ಲೆಯ ಸೈಬರ್ ಅಪರಾಧ (ಸಿಇಎನ್) ಠಾಣೆಗೂ ಹೋಗಿ. ಬ್ಯಾಂಕಿಗೆ ತಿಳಿಸಿ ಕಾರ್ಡ್ ಬ್ಲಾಕ್ ಮಾಡಿಸಿ, ಆ ವಹಿವಾಟನ್ನು ಲಿಖಿತವಾಗಿ ಪ್ರಶ್ನಿಸಿ. ಬಂದ ಮೇಲನ್ನು ಅಳಿಸಬೇಡಿ. ಫಾರ್ವರ್ಡ್ ಮಾಡಿದರೆ ಮೂಲ ಹೆಡರ್ ಕಳೆದುಹೋಗುತ್ತದೆ, ಆದ್ದರಿಂದ ಮೇಲನ್ನು ಇದ್ದ ಹಾಗೇ ಉಳಿಸುವ ಇಎಂಎಲ್ (.eml) ಕಡತವಾಗಿ ಇಳಿಸಿಕೊಳ್ಳಿ. ಬೇರೆಯವರ ಸೋಗು ಹಾಕಿ ಕಂಪ್ಯೂಟರ್ ಮೂಲಕ ವಂಚಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನ ಅಪರಾಧ. 3 ವರ್ಷದವರೆಗೆ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ ಇದೆ.

ಆಥ್ ಕೋಡ್ ಕೊಟ್ಟಿದ್ದರೆ ಪೊಲೀಸರಿಗಿಂತ ಮೊದಲು ಈಗಿನ ರಿಜಿಸ್ಟ್ರಾರ್‌ಗೆ ಫೋನ್ ಮಾಡಿ. ಲಾಕ್ ಹಾಕಿಸಿ, ಹೊಸ ಕೋಡ್ ಪಡೆಯಿರಿ, ಖಾತರಿ ಮೇಲ್ ಬಂದಿದ್ದರೆ ನಿರಾಕರಿಸಿ. ವರ್ಗಾವಣೆ ಆಗಿಹೋಗಿದ್ದರೂ ಕೈಚೆಲ್ಲಬೇಡಿ: ಇಂಥ ತುರ್ತಿಗೆಂದೇ ಐಕ್ಯಾನ್ ಮಾನ್ಯತೆಯ ರಿಜಿಸ್ಟ್ರಾರ್‌ಗಳ ನಡುವೆ ಒಂದು ಸಂಪರ್ಕ ವ್ಯವಸ್ಥೆ ಇದ್ದು, 4 ಗಂಟೆಯೊಳಗೆ ಮೊದಲ ಉತ್ತರ ಕೊಡಬೇಕೆಂಬ ನಿಯಮವಿದೆ. ಅದನ್ನು ಬಳಸಿ ಎಂದು ನಿಮ್ಮ ರಿಜಿಸ್ಟ್ರಾರ್ ಬಳಿ ಪಟ್ಟು ಹಿಡಿಯಿರಿ. ಪಾಸ್‌ವರ್ಡ್ ಕೊಟ್ಟಿದ್ದರೆ ಅದನ್ನು ಬದಲಿಸಿದರಷ್ಟೇ ಸಾಲದು. ನೇಮ್ ಸರ್ವರ್, ಎಂಎಕ್ಸ್ ದಾಖಲೆ, ಖಾತೆಗೆ ಹೊಸದಾಗಿ ಸೇರಿದ ಬಳಕೆದಾರರು, ಎಪಿಐ ಕೀಲಿ (ಬೇರೆ ತಂತ್ರಾಂಶಗಳು ಖಾತೆಯೊಳಗೆ ಬರಲು ಬಳಸುವ ಗುಪ್ತ ಸಂಕೇತ), ಮೇಲ್‌ನ ಫಾರ್ವರ್ಡ್ ನಿಯಮಗಳು ಎಲ್ಲವನ್ನೂ ಒಂದೊಂದಾಗಿ ನೋಡಿ.

ವೆಬ್‌ಸೈಟ್ ಮಾಡಿಕೊಡುವ ಗೆಳೆಯರಿಗೆ ಒಂದು ಮಾತು, ಸ್ವಲ್ಪ ಕಟುವಾಗಿಯೇ. ಗ್ರಾಹಕರ ಡೊಮೈನನ್ನು ನಿಮ್ಮ ಖಾತೆಯಲ್ಲಿ, ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲ್ ಕೊಟ್ಟು ನೋಂದಾಯಿಸಿ, ಅದನ್ನು ಅವರಿಗೆ ಹೇಳದೇ ಇರುವುದೇ ಈ ವಂಚನೆಗೆ ನೆಲ ಹದ ಮಾಡಿಕೊಡುತ್ತಿದೆ. ನಿಜವಾದ ಸೂಚನೆ ನಿಮಗೆ ಬರುತ್ತದೆ, ಸುಳ್ಳು ಸೂಚನೆ ಮಾತ್ರ ಅವರಿಗೆ ಬರುತ್ತದೆ. ಎರಡನ್ನೂ ಹೋಲಿಸಿ ನೋಡುವ ಅವಕಾಶವೇ ಅವರಿಗಿಲ್ಲ. ರಿಜಿಸ್ಟ್ರಂಟ್, ಅಂದರೆ ಡೊಮೈನಿನ ಒಡೆಯರ, ಜಾಗದಲ್ಲಿ ಉದ್ದಿಮೆಯ ಹೆಸರು ಹಾಕಿ. ಅವರದೇ ಖಾತೆ ತೆರೆಸಿ ಡೊಮೈನನ್ನು ಅದಕ್ಕೆ ಸರಿಸಿಕೊಡಿ. ಒಂದೇ ರಿಜಿಸ್ಟ್ರಾರ್ ಒಳಗೆ ಖಾತೆಯಿಂದ ಖಾತೆಗೆ ಸರಿಸಲು ಸಾಮಾನ್ಯವಾಗಿ ಖರ್ಚಿಲ್ಲ. ನಿರ್ವಹಣೆ ನಿಮ್ಮದೇ ಇರಲಿ, ಕೀಲಿ ಅವರದಿರಲಿ.

ನಿಕ್ಸಿಗೆ ಮತ್ತು ಅದರ ಮಾನ್ಯತೆ ಪಡೆದ ರಿಜಿಸ್ಟ್ರಾರ್‌ಗಳಿಗೆ ನಮ್ಮ ಬೇಡಿಕೆ ಎರಡು. ಡಾಟ್ ಭಾರತ ಎಂದು ಕನ್ನಡ ಲಿಪಿಯಲ್ಲಿ ಹೆಸರು ಕೊಡುತ್ತಿರುವಾಗ ನವೀಕರಣದ ಸೂಚನೆಯನ್ನೂ ಕೇಳಿದವರಿಗೆ ಕನ್ನಡದಲ್ಲಿ ಕಳಿಸಿ. ಆ ಸೂಚನೆಯ ಮೊದಲ ಸಾಲಿನಲ್ಲೇ ನಿಮ್ಮ ರಿಜಿಸ್ಟ್ರಾರ್ ಇಂಥವರು, ರೀಸೆಲ್ಲರ್ ಇಂಥವರು, ಇವರಿಬ್ಬರನ್ನು ಬಿಟ್ಟು ಬೇರೆ ಯಾರಿಗೂ ಹಣ ಕಟ್ಟಬೇಡಿ ಎಂದು ಬರೆಯಿರಿ.

ಇಂತಿ,
ಡೊಮೈನ್ ಮತ್ತು ಮೇಲ್ ನಿರ್ವಹಣೆಯ ಕೆಲಸದವರು